ಬೆಳ್ಳುಳ್ಳಿಯ ಸೊರಗು ರೋಗ: ನಾಟಿಗೆ ಮೊದಲೇ ತಡೆಯಿರಿ

ನೀರು ಸಾಕಷ್ಟಿದೆ, ಗೊಬ್ಬರವನ್ನೂ ಕೊಟ್ಟಿದ್ದೀರಿ. ಆದರೂ ಬೆಳ್ಳುಳ್ಳಿ ಮಡಿಯಲ್ಲಿ ಅಲ್ಲಲ್ಲಿ ಗಿಡಗಳ ಎಲೆತುದಿಗಳು ಹಳದಿಯಾಗಿ, ಕೆಳಮುಖವಾಗಿ ಒಣಗುತ್ತಿವೆಯೇ? ಒಂದು ಗಿಡ ಹಿಡಿದೆಳೆಯಿರಿ. ಸಲೀಸಾಗಿ ಕಿತ್ತುಬಂದು, ಬೇರು ಕಂದಾಗಿ, ಗಡ್ಡೆಯ ಬುಡದಲ್ಲಿ ಬಿಳಿ ಇಲ್ಲವೇ ನಸುಗೆಂಪು ಬೂಷ್ಟು ಕಂಡರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರ ತರುವ ಸೊರಗು ರೋಗ. ಇದಕ್ಕೆ ಬುಡಕೊಳೆ ಎಂದೂ ಹೆಸರಿದೆ.

ಹಳದಿಯಾದದ್ದೆಲ್ಲ ಸೊರಗಲ್ಲ. ಕೊಯ್ಲಿನ ಹೊತ್ತಿಗೆ ಇಡೀ ಹೊಲ ಒಟ್ಟಿಗೆ ಹಳದಿಯಾಗುವುದು ಸಹಜ. ಎಲೆ ಮೇಲೆ ನೇರಳೆ ಮಚ್ಚೆ ಇದ್ದರೆ ಅದು ಬೇರೆ ರೋಗ.

ಈ ಶಿಲೀಂಧ್ರ ದಪ್ಪಗೋಡೆಯ ಬೀಜಕಣಗಳ ರೂಪದಲ್ಲಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಬೇರಿಗೆ ಆದ ಗಾಯದಿಂದ ಒಳಹೊಕ್ಕು, ನೀರು ಮತ್ತು ಪೋಷಕಾಂಶ ಮೇಲೇರದಂತೆ ಮಾಡುತ್ತದೆ. ಮಣ್ಣಿನ ಬಿಸಿ 25ರಿಂದ 28 ಡಿಗ್ರಿ ಇದ್ದು, ನೀರು ನಿಂತರೆ ಹೆಚ್ಚು ಹರಡುತ್ತದೆ. ಸೊರಗಿದ ಗಿಡಕ್ಕೆ ಮತ್ತೆ ನೀರು ಹಾಯಿಸಿದರೆ ಚೇತರಿಸೀತೇ? ಇಲ್ಲ, ಕೊಳೆ ಹೆಚ್ಚುತ್ತದೆ. ಕೊಳೆತ ಬುಡವನ್ನು ಯಾವ ಔಷಧವೂ ಸರಿಮಾಡದು. ಆದ್ದರಿಂದ ನಾಟಿಗೆ ಮೊದಲೇ ಕೆಲಸ ಶುರುವಾಗಬೇಕು.

ಮೊದಲು ಹೊಲ. ರೋಗ ಬಂದ ಜಾಗದಲ್ಲಿ ಮೂರು-ನಾಲ್ಕು ವರ್ಷ ಬೆಳ್ಳುಳ್ಳಿ, ಈರುಳ್ಳಿ ಬೇಡ. ಜೋಳ, ಗೋಧಿಯಂಥ ಬೆಳೆ ಹಾಕಿ. ನೀರು ಬಸಿದುಹೋಗುವಂತೆ ಏರುಮಡಿ ಮಾಡಿ. ಎಕರೆಗೆ 2 ಕಿಲೋ ಟ್ರೈಕೋಡರ್ಮಾವನ್ನು, ಅಂದರೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರವನ್ನು, 200 ಕಿಲೋ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ. ನೆರಳಲ್ಲಿ ತೇವ ಆರದಂತೆ ಎರಡು ವಾರ ಇಟ್ಟು ಮಣ್ಣಿಗೆ ಸೇರಿಸಿ.

ಆಮೇಲೆ ಬೀಜ. ರೋಗವಿಲ್ಲದ ಹೊಲದ ಗಟ್ಟಿ ಗಡ್ಡೆಯನ್ನೇ ಆರಿಸಿ. ಮೆತ್ತಗಾದ, ಗಾಯವಾದ ಎಸಳು ತೆಗೆದುಹಾಕಿ. ಕಿಲೋ ಎಸಳಿಗೆ 4–5 ಗ್ರಾಂ ಟ್ರೈಕೋಡರ್ಮಾ ಲೇಪಿಸಿ. ರೋಗದ ಕಾಟ ಹೆಚ್ಚಿರುವ ಕಡೆ ಅದರ ಬದಲು 2 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬಳಸುವುದುಂಟು. ಎರಡನ್ನೂ ಒಟ್ಟಿಗೆ ಹಾಕಬೇಡಿ. ಕಾರ್ಬೆಂಡಜಿಮ್ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಔಷಧ ಹಚ್ಚಿದ ಎಸಳು ಅಡುಗೆಮನೆ ಸೇರದಿರಲಿ.

ಬೆಳೆ ನಿಂತ ಮೇಲೆ ರೋಗ ಕಂಡರೆ ಗಿಡ ಕಿತ್ತು ಸುಡಿ. ಸುತ್ತಲಿನ ಗಿಡಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್, ಅಂದರೆ ತಾಮ್ರಯುಕ್ತ ಪುಡಿ, ಬೆರೆಸಿ ಸುರಿಯಿರಿ. ಇದು ರೋಗ ಹರಡುವುದನ್ನು ತಗ್ಗಿಸುತ್ತದೆ, ಅಷ್ಟೇ.

ಖರ್ಚು ಎಷ್ಟು? ಎಕರೆಗೆ ಸುಮಾರು 200 ಕಿಲೋ ಎಸಳು ಬೇಕು. ಅದರ ಉಪಚಾರಕ್ಕೆ ಒಂದು ಕಿಲೋ ಟ್ರೈಕೋಡರ್ಮಾ, ಮಣ್ಣಿಗೆ ಎರಡು ಕಿಲೋ. ಬಿತ್ತನೆ ಗಡ್ಡೆಯ ಬೆಲೆಯ ಮುಂದೆ ಇದು ಸಣ್ಣ ಮೊತ್ತ. ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಟ್ರೈಕೋಡರ್ಮಾ ಜೀವಂತ ಪದಾರ್ಥವಾದ್ದರಿಂದ ಅವಧಿ ಮುಗಿಯುವ ದಿನಾಂಕ ನೋಡಿಯೇ ಕೊಳ್ಳಿ. ಈ ಸಲ ರೋಗ ಕಂಡ ಮಡಿಗೆ ಗುರುತು ಹಾಕಿಡಿ. ಅಲ್ಲಿನ ಗಡ್ಡೆ ಮುಂದಿನ ಬಿತ್ತನೆಗೆ ಬೇಡ.