ಸೈಟಿನಲ್ಲಿ ಬಿದ್ದವರಿಗೆ ಪರಿಹಾರ: ಕಾನೂನು ಏನು ಹೇಳುತ್ತೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗೋ ಜನ ನಮಗೆ ಹೊಸಬರಲ್ಲ. ಗೌಂಡಿ ಕೆಲಸ, ಸೆಂಟ್ರಿಂಗ್, ಕಾಂಕ್ರೀಟ್ ಹೊರೋದು. ಸ್ಲ್ಯಾಬಿನ ಅಂಚಿನಿಂದ ಒಬ್ಬರು ಬಿದ್ದರೆ ಎಷ್ಟೋ ಸಲ ಮೇಸ್ತ್ರಿ ಆಸ್ಪತ್ರೆ ಖರ್ಚಿಗೆ ಒಂದಿಷ್ಟು ಕೊಟ್ಟು ಊರಿನ ಬಸ್ ಹತ್ತಿಸ್ತಾನೆ. ಅಲ್ಲಿಗೆ ಮುಗೀತು ಅಂತ ಮನೆಯವರೂ ಸುಮ್ಮನಾಗ್ತಾರೆ. ಕಾನೂನಿನ ಪ್ರಕಾರ ಅದು ಅಲ್ಲಿಗೆ ಮುಗಿಯೋದಿಲ್ಲ.

ತಪ್ಪು ಯಾರದು ಅನ್ನೋದು ಮುಖ್ಯವಲ್ಲ

1923ರ ನೌಕರರ ಪರಿಹಾರ ಕಾಯ್ದೆಯ ತಿರುಳು ಇಷ್ಟೇ: ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು. 2025ರ ನವೆಂಬರ್ 21ರಿಂದ ಇದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ತಿರುಳು ಬದಲಾಗಿಲ್ಲ. "ಹೆಲ್ಮೆಟ್ ಹಾಕಿರಲಿಲ್ಲ", "ಕುಡಿದಿದ್ದ" ಅನ್ನೋ ವಾದ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯದ ಪ್ರಕರಣದಲ್ಲಿ ನಡೆಯೋದಿಲ್ಲ. "ಅವನು ಗುತ್ತಿಗೆದಾರನ ಆಳು" ಅಂತ ಹೇಳಿ ಕಟ್ಟಡ ಕಟ್ಟೋದೇ ಕಸುಬಾದ ಕಂಪನಿಯೂ ಕೈತೊಳೆದುಕೊಳ್ಳುವಂತಿಲ್ಲ.

ಲೆಕ್ಕ ಹೀಗೆ

ಸಾವಾದರೆ ತಿಂಗಳ ಕೂಲಿಯ 50%, ಪೂರ್ಣ ಅಂಗವೈಕಲ್ಯಕ್ಕೆ 60%. ಅದನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು 2020ರಲ್ಲಿ 15,000 ರೂಪಾಯಿ ಮಾಡಲಾಯಿತು. 30 ವರ್ಷಕ್ಕೆ ಗುಣಾಂಕ 207.98. ಆ ಮಿತಿಯಲ್ಲಿ ಸಾವಿಗೆ 7,500 × 207.98 = 15,59,850 ರೂ., ಪೂರ್ಣ ಅಂಗವೈಕಲ್ಯಕ್ಕೆ 18,71,820 ರೂ. ಹೆಬ್ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ ದುಡಿಮೆಯ ಶಕ್ತಿಯ ನಷ್ಟ 30%. ಅಂದ್ರೆ 5,61,546 ರೂ. ಮೇಸ್ತ್ರಿ ಕೈಗಿಟ್ಟ ಹಣದ ಜೊತೆ ಇದನ್ನು ಹೋಲಿಸಿ ನೋಡಿ.

ಎಲ್ಲಿ, ಯಾವಾಗ?

ಅಪಘಾತ ಬೆಂಗಳೂರಲ್ಲಾದರೂ ಅರ್ಜಿಯನ್ನು ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಯಲಬುರ್ಗಾದವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಗಡುವು ಎರಡು ವರ್ಷ. ವಕೀಲರಿಗೆ ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ ಉಚಿತ ನೆರವು ಕೇಳಬಹುದು.

ಸಾಕ್ಷಿ ಇಲ್ಲದಿದ್ದರೆ?

ಇಂಥ ಕೇಸುಗಳು ಸೋಲೋದು ಬಹುತೇಕ ಇಲ್ಲಿಯೇ: "ಇವನು ನಮ್ಮಲ್ಲಿ ಕೆಲಸವನ್ನೇ ಮಾಡಿಲ್ಲ" ಅಂದುಬಿಟ್ಟರೆ? ಅದಕ್ಕೇ ಆಸ್ಪತ್ರೆಯಲ್ಲಿ "ಮನೆಯಲ್ಲಿ ಬಿದ್ದೆ" ಅಂತ ಬರೆಸಬಾರದು. ಸೈಟಿನಲ್ಲಿ ಬಿದ್ದದ್ದನ್ನೇ ಹೇಳಿ ಎಂಎಲ್‌ಸಿ ಮಾಡಿಸಬೇಕು. ಪೊಲೀಸ್ ದೂರು, ಕೂಲಿ ಬಂದ ಫೋನ್‌ಪೇ ದಾಖಲೆ, ಸೈಟಿನ ಫೋಟೋ, ಜೊತೆಗಿದ್ದವರ ನಂಬರ್ ಇಟ್ಟುಕೊಳ್ಳಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಮಂಡಳಿಯ ನೆರವನ್ನೂ ಕೇಳಬಹುದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ನೋಂದಣಿ ಮಾಡಿಸಬಹುದು.

ನಮ್ಮ ಪಾಲು

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. ನಾಳೆ ಸೈಟ್ ಎಂಜಿನಿಯರ್ ಆಗೋರು ನಾವೇ. ಅಂಚಿಗೆ ಕಟಕಟೆ, ಗಟ್ಟಿ ಸಾರುವೆ, ಸೇಫ್ಟಿ ಬೆಲ್ಟ್ ಇಲ್ಲದೆ ಕೆಲಸ ಶುರು ಮಾಡಿಸಬಾರದು. ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರೂ ಇರಬೇಕು. ನಾವು ಬರೆದ ಆ ಒಂದು ಸಾಲೇ ಒಂದು ಮನೆಗೆ ಸಿಗುವ ಪರಿಹಾರವನ್ನು ನಿರ್ಧರಿಸಬಹುದು.