ಅಂಗಾಲಿನ ಜಡ್ಡು: ಯಾವ ಪಾದಕ್ಕೆ ಯಾವ ಉಪಾಯ?

ಒಂದೇ ಎಡೆಯಲ್ಲಿ ಒತ್ತಡವೂ ತಿಕ್ಕಾಟವೂ ಬಹುಕಾಲ ನಡೆದರೆ ಅಲ್ಲಿನ ಚರ್ಮವು ದಪ್ಪವಾಗಿ ಜಡ್ಡುಗಟ್ಟುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ‘ಕಿಣ’ವೆಂದು ಹೆಸರು. ಬಿಲ್ಲಿನ ಹೆದೆ ತಾಗಿ ತಾಗಿ ದುಷ್ಯಂತನ ತೋಳಿನಲ್ಲಿ ಮೂಡಿದ ಕಿಣವನ್ನು ಕಾಳಿದಾಸನು ಶಾಕುಂತಲದಲ್ಲಿ ಹೆಮ್ಮೆಯ ಗುರುತಾಗಿಯೇ ಹೇಳಿಸಿದ್ದಾನೆ. ಅಂಗಾಲಿನ ಕಿಣಕ್ಕೆ ಆ ಭಾಗ್ಯವಿಲ್ಲ. ಕಂಡೊಡನೆ ನಾವು ಬ್ಲೇಡು ಹುಡುಕುತ್ತೇವೆ.

ಹುಡುಕುವ ಮೊದಲು ಒಂದು ಮಾತು. ಜಡ್ಡು ದೇಹವು ತಾನಾಗಿ ಹೊದ್ದುಕೊಂಡ ರಕ್ಷೆ. ಬರಿಗಾಲಿನಲ್ಲಿ ನಡೆದು ದಪ್ಪವಾದ ಅಂಗಾಲು ನೆಲದ ಸ್ಪರ್ಶವನ್ನು ಅರಿಯುವುದರಲ್ಲಿ ತೆಳು ಅಂಗಾಲಿಗೆ ಕಡಮೆಯೇನಲ್ಲವೆಂದು, ಕೆನ್ಯಾ ದೇಶದವರ ಪಾದಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದರು. ಆದುದರಿಂದ ನೋವಿಲ್ಲದ, ಬಿರಿಯದ ಜಡ್ಡನ್ನು ಅದರ ಪಾಡಿಗೆ ಬಿಡಬಹುದು.

ನೋವಿದ್ದರೆ ಅದು ಜಡ್ಡೇ ಹೌದೆ ಎಂದು ನೋಡಿರಿ. ಜಡ್ಡು ಅಗಲವಾಗಿರುತ್ತದೆ, ಚರ್ಮದ ಗೆರೆಗಳು ಅದರ ಮೇಲೆ ಹಾಯ್ದಿರುತ್ತವೆ. ಆಣಿ ಚಿಕ್ಕದು, ನಡುವೆ ಗಟ್ಟಿಯಾದ ತಿರುಳುಳ್ಳದ್ದು. ನೇರವಾಗಿ ಒತ್ತಿದರೆ ಚುಚ್ಚುತ್ತದೆ. ನರಹುಲಿಯ ಮೇಲಾದರೋ ಗೆರೆಗಳು ಕಡಿದುಹೋಗಿರುತ್ತವೆ, ಕರಿಯ ಚುಕ್ಕೆಗಳು ತೋರುವುದುಂಟು, ಎರಡು ಬದಿಯಿಂದ ಹಿಸುಕಿದರೆ ನೋಯುತ್ತದೆ. ಅದು ವೈರಾಣುವಿನಿಂದ ಬಂದದ್ದು; ಕಲ್ಲಿನಿಂದ ಉಜ್ಜಿದರೆ ಹರಡೀತು.

ಸುಶ್ರುತ ಸಂಹಿತೆಯಲ್ಲಿ ಆಣಿಗೆ ‘ಕದರ’ವೆಂದು ಹೆಸರು, ಅದನ್ನು ಕಿತ್ತು ತೆಗೆದು ಕಾದ ಎಣ್ಣೆಯಿಂದ ಸುಡಬೇಕೆಂದು ವಿಧಿ. ಅದು ಶಸ್ತ್ರವಿದ್ಯೆ ಬಲ್ಲವನಿಗೆ ಹೇಳಿದ ಮಾತೇ ಹೊರತು ಬಚ್ಚಲುಮನೆಯಲ್ಲಿ ಕುಳಿತವರಿಗಲ್ಲ.

ಇನ್ನು ಮುಖ್ಯವಾದ ಪ್ರಶ್ನೆ: ನಿಮ್ಮ ಪಾದಕ್ಕೆ ನೋವು ಸರಿಯಾಗಿ ತಿಳಿಯುತ್ತದೆಯೆ? ವೆಲ್ಲೂರಿನಲ್ಲಿ 1946ರಿಂದ ದುಡಿದ ಡಾಕ್ಟರ್ ಪಾಲ್ ಬ್ರಾಂಡ್ ಅವರು, ಕುಷ್ಠರೋಗಿಗಳ ಕೈಕಾಲು ಸವೆಯುವುದು ಮಾಂಸ ತಾನಾಗಿ ಕೊಳೆತು ಅಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ತೋರಿಸಿಕೊಟ್ಟರು. ಮಧುಮೇಹವು ನರಗಳನ್ನು ಕೆಡಿಸಿದ ಪಾದಕ್ಕೂ ಇದೇ ಅಪಾಯ. ಅಂಥವರ ಜಡ್ಡಿನ ಅಡಿಯಲ್ಲಿ ಸದ್ದಿಲ್ಲದೆ ಹುಣ್ಣು ಬೆಳೆದಿರಬಹುದು. ಒಳಗೆ ಕೆಂಪು ಅಥವಾ ಕಪ್ಪು ಛಾಯೆ ಕಂಡರೆ ರಕ್ತ ಒಸರಿದೆಯೆಂದು ತಿಳಿಯಬೇಕು. ಮಧುಮೇಹಿಗಳು, ಕಾಲಿನ ರಕ್ತಸಂಚಾರ ಕುಂದಿದವರು, ಅಂಗಾಲು ಜೋಮುಗಟ್ಟಿದಂತೆ ಇರುವವರು ಬ್ಲೇಡು, ಆಣಿಪಟ್ಟಿ, ಬಿಸಿನೀರು ಯಾವುದನ್ನೂ ತಾವಾಗಿ ಪ್ರಯೋಗಿಸಬಾರದು. ನೇರವಾಗಿ ವೈದ್ಯರಿಗೆ ಪಾದ ತೋರಿಸಬೇಕು. ಮನೆಯ ಹಿರಿಯರು ನಾಚಿಕೆಯಿಂದ ಕಾಲು ಮುಂದೆ ಚಾಚುವುದಿಲ್ಲ. ಮಕ್ಕಳೇ ಕೇಳಿ ನೋಡುವುದು ಲೇಸು.

ಆರೋಗ್ಯವಾದ ಪಾದಕ್ಕೆ ಉಜ್ಜುವ ಕಲ್ಲೇ ಸಾಕು. ಹದ ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಮೆದುವಾದ ಮೇಲೆ ಹಗುರವಾಗಿ ಉಜ್ಜಿರಿ. ಒಂದೇ ದಿನದಲ್ಲಿ ಪೂರಾ ತೆಗೆಯುವ ಹಟ ಬೇಡ. ಕೆಲವು ವಾರ ಹಿಡಿಯಲಿ. ಒರಸಿ, ಕೊಬ್ಬರಿ ಎಣ್ಣೆಯನ್ನೋ ಯೂರಿಯಾ ಬೆರೆತ ಮುಲಾಮನ್ನೋ ಹಚ್ಚಿರಿ. ಯೂರಿಯಾ ಎಂದೊಡನೆ ಹೊಲದ ಗೊಬ್ಬರ ನೆನಪಾದೀತು. ಹೆಸರು ಅದೇ ಆದರೂ ಔಷಧದ್ದು ಶುದ್ಧವಾಗಿ ಬೇರೆಯೇ ತಯಾರಾದುದು, ಚರ್ಮದಲ್ಲಿ ತೇವವನ್ನು ಹಿಡಿದಿಡುತ್ತದೆ. ಬೆರಳಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಬೂಷ್ಟು ಸೇರುತ್ತದೆ.

ಔಷಧದಂಗಡಿಯ ಆಣಿಪಟ್ಟಿಯಲ್ಲಿ ಸಾಮಾನ್ಯವಾಗಿ ಶೇಕಡಾ 40ರಷ್ಟು ಸ್ಯಾಲಿಸಿಲಿಕ್ ಆಮ್ಲವಿರುತ್ತದೆ. ಇದು ಗಟ್ಟಿ ಚರ್ಮವನ್ನು ಕರಗಿಸುತ್ತದೆ, ನಿಜ. ಆದರೆ ಆಮ್ಲಕ್ಕೆ ಜಡ್ಡು ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ವಿವೇಕವಿಲ್ಲ. ಔಷಧದ ಭಾಗ ಆಣಿಯ ಅಳತೆಯನ್ನು ಮೀರದಂತೆ ಅಂಟಿಸಬೇಕು. ಬ್ಲೇಡಂತೂ ಯಾರಿಗೂ ಬೇಡ.

ಇಷ್ಟಾದರೂ ಒತ್ತಡ ಹಾಗೆಯೇ ಉಳಿದರೆ ಜಡ್ಡು ಮರಳಿ ಬರುತ್ತದೆ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಯಿರಿ. ಅದರ ಮೇಲೆ ನಿಮ್ಮ ಬೂಟನ್ನಿಡಿ. ಗೆರೆ ಹೊರಗೆ ಉಳಿದರೆ ಬೂಟು ಬಿಗಿ. ಹೊಸದನ್ನು ಕೊಳ್ಳುವುದಾದರೆ ಸಂಜೆ ಹೋಗಿರಿ. ಪಾದ ಆ ಹೊತ್ತಿಗೆ ಕೊಂಚ ಊದಿರುತ್ತದೆ.