ಮುಕ್ತ ಸಂಗೀತದ ಕೆರೆಗೂ ನೀರುಗಂಟಿ ಬೇಕು

ಒಂದು ಕೊಡ ನೀರನ್ನು ನೆರೆಮನೆಗೆ ಕೊಟ್ಟರೆ ನಮ್ಮ ಮನೆಯಲ್ಲಿ ಒಂದು ಕೊಡ ನೀರು ಕಡಿಮೆಯಾಗುತ್ತದೆ. ಒಂದು ಹಾಡನ್ನು ನೆರೆಯವರಿಗೆ ಕಲಿಸಿಕೊಟ್ಟರೆ ನಮ್ಮಲ್ಲಿ ಏನೂ ಕಡಿಮೆಯಾಗುವುದಿಲ್ಲ. ಬಳಸಿದರೂ ಸವೆಯದ ಇಂಥ ಸರಕುಗಳಿಗೆ ಅರ್ಥಶಾಸ್ತ್ರದಲ್ಲಿ ಪ್ರತ್ಯೇಕ ಸ್ಥಾನವಿದೆ. ಅಂತರ್ಜಾಲ ಬಂದ ಮೇಲೆ ಹಾಡಿನ ಪ್ರತಿಯೊಂದನ್ನು ಲೋಕದ ಇನ್ನೊಂದು ಮೂಲೆಗೆ ಕಳುಹಿಸುವ ವೆಚ್ಚ ಬಹುತೇಕ ಶೂನ್ಯವಾಗಿದೆ. ಇಷ್ಟನ್ನು ಕಂಡು ನಮ್ಮಲ್ಲಿ ಅನೇಕರು ಇನ್ನೊಂದು ತೀರ್ಮಾನಕ್ಕೂ ಬರುತ್ತಾರೆ: ಹಂಚಲು ಖರ್ಚಿಲ್ಲವಾದ್ದರಿಂದ ಕಾಯಲೂ ಖರ್ಚಿಲ್ಲ ಎಂಬುದು ಆ ತೀರ್ಮಾನ. ಲಾಭದ ಉದ್ದೇಶವಿಲ್ಲದೆ ಸಂಗೀತವನ್ನು ಹಂಚಿಕೊಳ್ಳಲು ಹೊರಟ ಸಮುದಾಯಗಳ ಎರಡು ದಶಕಗಳ ಅನುಭವ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ.

ಮೊದಲು ‘ಮುಕ್ತ ಪರವಾನಗಿ’ ಎಂದರೇನೆಂದು ಸ್ಪಷ್ಟಪಡಿಸಿಕೊಳ್ಳಬೇಕು. ಕೃತಿ ರಚನೆಯಾದ ಕ್ಷಣದಿಂದಲೇ ಅದರ ಎಲ್ಲ ಹಕ್ಕುಗಳೂ ಕರ್ತೃವಿಗೆ ಸೇರುತ್ತವೆ; ಬೇರೆಯವರು ಬಳಸಬೇಕಾದರೆ ಅನುಮತಿ ಪಡೆಯಬೇಕು. ಹಂಚಿಕೊಳ್ಳಲು ಸ್ವತಃ ಸಿದ್ಧನಿರುವ ಕಲಾವಿದನಿಗೂ ಹಿಂದೆ ಅದನ್ನು ಸರಳವಾಗಿ ಹೇಳುವ ದಾರಿ ಇರಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಲಾರೆನ್ಸ್ ಲೆಸ್ಸಿಗ್ ಮೊದಲಾದವರು ಸ್ಥಾಪಿಸಿದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರ ಡಿಸೆಂಬರಿನಲ್ಲಿ ಸಿದ್ಧ ಪರವಾನಗಿಗಳನ್ನು ಪ್ರಕಟಿಸಿ ಆ ಕೊರತೆಯನ್ನು ತುಂಬಿತು. ಕರ್ತೃವಿನ ಹೆಸರು ಹೇಳಬೇಕು, ವಾಣಿಜ್ಯಕ್ಕೆ ಬಳಸಬಾರದು, ಬದಲಾಯಿಸಬಾರದು, ಬದಲಾಯಿಸಿದರೆ ಅದೇ ಷರತ್ತಿನಲ್ಲಿ ಮತ್ತೆ ಹಂಚಬೇಕು – ಈ ನಾಲ್ಕು ಷರತ್ತುಗಳನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಅವಕಾಶ ಅದರಲ್ಲಿದೆ. ಭಾರತದ ಕಾನೂನಿಗೆ ಹೊಂದಿಸಿದ ಆವೃತ್ತಿಯನ್ನು 2007ರ ಜನವರಿಯಲ್ಲಿ ಮುಂಬಯಿಯ ಐಐಟಿಯಲ್ಲಿ ಬಿಡುಗಡೆ ಮಾಡಲಾಯಿತು. ಹಕ್ಕನ್ನು ತ್ಯಜಿಸುವುದು ಇದರ ಅರ್ಥವಲ್ಲ. ಹಕ್ಕನ್ನು ಉಳಿಸಿಕೊಂಡೇ ಬಾಗಿಲನ್ನು ಎಷ್ಟು ತೆರೆಯಬೇಕೆಂದು ಕರ್ತೃವೇ ನಿರ್ಧರಿಸುವುದು.

ಈ ಪರವಾನಗಿಗಳು ಸಂಗೀತದಲ್ಲಿ ಏನನ್ನು ಸಾಧ್ಯವಾಗಿಸಿದವು ಎಂಬುದಕ್ಕೆ ‘ಸಿಸಿಮಿಕ್ಸ್ಟರ್’ ಒಳ್ಳೆಯ ನಿದರ್ಶನ. 2004ರ ನವೆಂಬರಿನಲ್ಲಿ ‘ವೈರ್ಡ್’ ಪತ್ರಿಕೆ 16 ಹಾಡುಗಳ ಒಂದು ಸಿ.ಡಿ.ಯನ್ನು ಮುಕ್ತ ಪರವಾನಗಿಯಡಿ ಓದುಗರಿಗೆ ಹಂಚಿತು. ಆಗ ಬ್ರೆಜಿಲ್‌ನ ಸಂಸ್ಕೃತಿ ಸಚಿವರಾಗಿದ್ದ ಗಾಯಕ ಜಿಲ್ಬೆರ್ಟೊ ಜಿಲ್ ಅವರ ಹಾಡೂ ಅದರಲ್ಲಿತ್ತು. ಅದೇ ಸಂದರ್ಭದಲ್ಲಿ ಕ್ರಿಯೇಟಿವ್ ಕಾಮನ್ಸ್ ಆರಂಭಿಸಿದ ಸಿಸಿಮಿಕ್ಸ್ಟರ್‌ನಲ್ಲಿ ಒಬ್ಬರು ಪಕ್ಕವಾದ್ಯವಿಲ್ಲದ ಹಾಡುಗಾರಿಕೆಯನ್ನಷ್ಟೇ ಇಡುತ್ತಿದ್ದರು; ಎಂದೂ ಮುಖ ನೋಡದ ಇನ್ನೊಬ್ಬರು ಅದಕ್ಕೆ ವಾದ್ಯ ಸೇರಿಸುತ್ತಿದ್ದರು; ಮೂರನೆಯವರು ಅದನ್ನು ಮತ್ತೊಂದು ರೂಪಕ್ಕೆ ತರುತ್ತಿದ್ದರು. ಯಾವ ಹಾಡು ಯಾವುದರಿಂದ ಹುಟ್ಟಿತು ಎಂಬ ವಂಶವೃಕ್ಷವನ್ನು ಪ್ರತಿ ಕೃತಿಯ ಜೊತೆಗೂ ದಾಖಲಿಸುವ ವ್ಯವಸ್ಥೆ ಅಲ್ಲಿತ್ತು. ಹಣದ ವ್ಯವಹಾರವಿಲ್ಲದ ಕಡೆ ಹೆಸರೇ ನಾಣ್ಯ. ಆದ್ದರಿಂದ ಹೆಸರಿನ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಅಲ್ಲಿ ಮೊದಲ ಕರ್ತವ್ಯವಾಗಿತ್ತು.

ಆದರೆ ಆ ಲೆಕ್ಕವನ್ನು ಇಡುವವರು ಯಾರು? ಕಂದಾಯ ಆಡಳಿತದಲ್ಲಿ ಸೇವೆ ಸಲ್ಲಿಸಿದ ನನಗೆ ಇಲ್ಲಿ ನೆನಪಾಗುವವನು ಹಳೆ ಮೈಸೂರಿನ ಕೆರೆಗಳ ನೀರುಗಂಟಿ. ತೂಬು ತೆರೆಯುವುದು, ಮುಚ್ಚುವುದು, ಕಾಲುವೆಯ ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು, ಏರಿಯಲ್ಲಿ ಬಿರುಕು ಬಿಟ್ಟರೆ ಊರಿಗೆ ತಿಳಿಸುವುದು ಅವನ ಕೆಲಸ. ಕೆರೆ ಎಲ್ಲರದು, ಆದರೆ ತೂಬಿನ ಹೊಣೆ ಒಬ್ಬನದು. ಅದಕ್ಕಾಗಿ ಸುಗ್ಗಿಯಲ್ಲಿ ಅವನಿಗೆ ಧಾನ್ಯ ಸಲ್ಲುತ್ತಿತ್ತು, ಕೆಲವೆಡೆ ಇನಾಮು ಭೂಮಿಯೂ ಇತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಅದು ಆಗಬೇಕಾಗಿದ್ದ ಕೆಲಸವೇ. ಆದರೆ ಹುದ್ದೆ ಹೋದ ಮೇಲೆ ಆ ಕೆಲಸವನ್ನು ಮಾಡುವವರು ಯಾರೆಂಬ ಪ್ರಶ್ನೆಗೆ ಎಷ್ಟೋ ಊರುಗಳಲ್ಲಿ ಉತ್ತರ ಸಿಗಲಿಲ್ಲ. ಹೂಳು ತುಂಬಿದ ಕೆರೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಕ್ತ ಸಂಗೀತದ ಕೆರೆಯಲ್ಲಿ ನೀರುಗಂಟಿಯ ಕೆಲಸಗಳು ಮುಖ್ಯವಾಗಿ ಮೂರು. ಮೊದಲನೆಯದು, ಒಳಬರುವುದನ್ನು ಪರೀಕ್ಷಿಸುವುದು. ತನ್ನದಲ್ಲದ ಹಾಡನ್ನು ‘ಮುಕ್ತ’ ಎಂದು ತಂದಿಡುವವರು ಎಲ್ಲೆಡೆಯೂ ಇರುತ್ತಾರೆ. ಪ್ರಾಮಾಣಿಕರಿಗೂ ಕಾನೂನಿನ ತೊಡಕು ತಪ್ಪಿದ್ದಲ್ಲ. ಎಡ್ವರ್ಡ್ ಗುವೊ ಎಂಬ ಸಂಗೀತ ವಿದ್ಯಾರ್ಥಿ 2006ರಲ್ಲಿ ಹಕ್ಕುಸ್ವಾಮ್ಯ ಮುಗಿದ ಪಾಶ್ಚಾತ್ಯ ಸಂಗೀತದ ಸ್ವರಲಿಪಿಗಳಿಗಾಗಿ ಐಎಂಎಸ್‌ಎಲ್‌ಪಿ ಎಂಬ ಉಚಿತ ಗ್ರಂಥಾಲಯವನ್ನು ಆರಂಭಿಸಿದರು. ಕೆನಡಾದಲ್ಲಿ ಆಗ ಕರ್ತೃ ತೀರಿಕೊಂಡ 50 ವರ್ಷಗಳಿಗೆ ಹಕ್ಕು ಮುಗಿಯುತ್ತಿತ್ತು. ಯುರೋಪಿನಲ್ಲಿ 70 ವರ್ಷ. ವಿಯೆನ್ನಾದ ಪ್ರಕಾಶನ ಸಂಸ್ಥೆ ಯೂನಿವರ್ಸಲ್ ಎಡಿಷನ್ 2007ರ ಅಕ್ಟೋಬರಿನಲ್ಲಿ ಕಾನೂನು ನೋಟಿಸು ಕಳುಹಿಸಿದಾಗ ಇಡೀ ಗ್ರಂಥಾಲಯವೇ ಮುಚ್ಚಿತು. ಮತ್ತೆ ತೆರೆದದ್ದು 2008ರ ಜೂನ್ ಕೊನೆಯಲ್ಲಿ.

ಎರಡನೆಯದು, ನಿಯಮದ ಅರ್ಥವನ್ನು ತೀರ್ಮಾನಿಸುವುದು. ‘ವಾಣಿಜ್ಯೇತರ’ ಎಂಬ ಪದ ಕೇಳಲು ಸರಳ. ಆದರೆ ಜಾಹೀರಾತು ಬರುವ ವಿಡಿಯೊ ವಾಣಿಜ್ಯವೇ? ಶುಲ್ಕ ಪಡೆಯುವ ನೃತ್ಯಶಾಲೆಯ ವಾರ್ಷಿಕೋತ್ಸವ? ಸರ್ಕಾರಿ ಬಾನುಲಿ? ಜರ್ಮನಿಯಲ್ಲಿ ಒಂದು ಛಾಯಾಚಿತ್ರದ ಪ್ರಕರಣದಲ್ಲಿ ಕೆಳ ನ್ಯಾಯಾಲಯವು ಖಾಸಗಿ ಬಳಕೆ ಮಾತ್ರವೇ ವಾಣಿಜ್ಯೇತರ ಎಂಬ ನಿಲುವು ತಳೆದು ಸಾರ್ವಜನಿಕ ಬಾನುಲಿಯ ವಿರುದ್ಧ ತೀರ್ಪಿತ್ತಿತು; 2014ರ ಅಕ್ಟೋಬರಿನಲ್ಲಿ ಕಲೋನ್‌ನ ಮೇಲ್ಮನವಿ ನ್ಯಾಯಾಲಯ ಆ ವ್ಯಾಖ್ಯಾನವನ್ನು ಒಪ್ಪಲಿಲ್ಲ. ಈ ಅಸ್ಪಷ್ಟತೆಗೆ ಬೆಲೆಯೂ ಇದೆ. ವಿಕಿಪೀಡಿಯದ ಧ್ವನಿ ಹಾಗೂ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್, ವಾಣಿಜ್ಯೇತರ ಷರತ್ತಿರುವ ಕೃತಿಗಳನ್ನು ಸ್ವೀಕರಿಸುವುದಿಲ್ಲ.

ಮೂರನೆಯದು, ಉಳಿಸಿಕೊಳ್ಳುವುದು. ಅಮೆರಿಕದ ನ್ಯೂಜೆರ್ಸಿಯ ಕೇಳುಗರ ದೇಣಿಗೆಯ ಬಾನುಲಿ ಕೇಂದ್ರ ಡಬ್ಲ್ಯುಎಫ್‌ಎಂಯು 2009ರಲ್ಲಿ ಆರಂಭಿಸಿದ ‘ಫ್ರೀ ಮ್ಯೂಸಿಕ್ ಆರ್ಕೈವ್’ ಈ ಕ್ಷೇತ್ರದ ದೊಡ್ಡ ಹೆಸರು. ಕೇಳುಗರ ಕೊರತೆಯಿಂದಲ್ಲ, ಹಣದ ಕೊರತೆಯಿಂದ 2018ರ ನವೆಂಬರಿನಲ್ಲಿ ಅದು ಮುಚ್ಚುವುದಾಗಿ ಪ್ರಕಟಿಸಿತು. ಕೊನೆಗೆ ಬೇರೆ ಸಂಸ್ಥೆಗಳ ಕೈಗೆ ಹೋಗಿ ಉಳಿಯಿತು. ಎಲ್ಲವೂ ಹೀಗೆ ಉಳಿಯಲಿಲ್ಲ. ಖಾಸಗಿ ತಾಣವಾದ ಮೈಸ್ಪೇಸ್‌ನಲ್ಲಿ 2003ರಿಂದ 2015ರವರೆಗೆ ಕಲಾವಿದರು ಸೇರಿಸಿದ್ದ ಸಂಗೀತ ಸರ್ವರ್ ಬದಲಾವಣೆಯ ವೇಳೆ ನಾಶವಾಯಿತು ಎಂಬುದು 2019ರಲ್ಲಿ ಬೆಳಕಿಗೆ ಬಂತು. ನಷ್ಟವಾದ ಹಾಡುಗಳ ಸಂಖ್ಯೆ ಐದು ಕೋಟಿಗೂ ಹೆಚ್ಚೆಂದು ಆಗ ವರದಿಯಾಗಿತ್ತು. ಉಚಿತವಾಗಿ ಜಾಗ ಕೊಟ್ಟವರು ಉಳಿಸಿಕೊಡುವ ಮಾತನ್ನೂ ಕೊಟ್ಟಿರುವುದಿಲ್ಲ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಸಿದ್ಧ ಪ್ರಬಂಧ, ಎಲ್ಲರಿಗೂ ಸೇರಿದ ಗೋಮಾಳ ಅತಿಮೇವಿನಿಂದ ಹಾಳಾಗುವುದು ಅನಿವಾರ್ಯವೆಂದು ವಾದಿಸಿತು. ಎಲಿನರ್ ಆಸ್ಟ್ರಂ 1990ರ ತಮ್ಮ ಗ್ರಂಥದಲ್ಲಿ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ, ಜಪಾನಿನ ಕಾಡುಗಳ ಉದಾಹರಣೆಗಳಿಂದ ಅದು ಅನಿವಾರ್ಯವಲ್ಲವೆಂದು ತೋರಿಸಿದರು. ಬಳಸುವವರೇ ರೂಪಿಸಿದ ನಿಯಮ, ಅದನ್ನು ನೋಡಿಕೊಳ್ಳುವ ಕಾವಲು, ತಪ್ಪಿಗೆ ತಕ್ಕ ಹಂತಹಂತದ ದಂಡ, ಜಗಳ ಬಗೆಹರಿಸುವ ಕಟ್ಟೆ ಇದ್ದಲ್ಲಿ ಸಾಮುದಾಯಿಕ ಸಂಪತ್ತು ಶತಮಾನಗಳ ಕಾಲ ಬಾಳುತ್ತದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಸಂಗೀತದ ಗೋಮಾಳಕ್ಕೆ ಅತಿಮೇವಿನ ಭಯವಿಲ್ಲ; ಎಷ್ಟು ಕೇಳಿದರೂ ಹಾಡು ತೀರದು. ಅದಕ್ಕಿರುವ ಭಯವೆಂದರೆ ಕಾಯುವವರು ದಣಿಯುವುದು. ಮೇಯುವವರು ಸಾವಿರವಿದ್ದು ಬೇಲಿ ನೋಡುವವರು ಇಬ್ಬರೇ ಆದಾಗ ಆ ಇಬ್ಬರ ಆರೋಗ್ಯ, ಉದ್ಯೋಗ, ಉತ್ಸಾಹಗಳ ಮೇಲೆ ಇಡೀ ಸಂಪತ್ತು ನಿಂತಿರುತ್ತದೆ.

ಇದು ದೂರದ ದೇಶಗಳ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಪುರಂದರದಾಸರ ಪದಗಳಿಗೆ ಇಂದು ಯಾರೂ ಒಡೆಯರಿಲ್ಲ. ಆದರೆ ಆ ಪದವನ್ನು ಹಾಡಿದ ಧ್ವನಿಮುದ್ರಣಕ್ಕೆ ಒಡೆಯರಿರುತ್ತಾರೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತ ರಚನೆಗೆ ಕರ್ತೃವಿನ ಮರಣಾನಂತರ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದಂದಿನಿಂದ 60 ವರ್ಷ ರಕ್ಷಣೆಯಿದೆ. ಹಾಡಿದವರಿಗೆ ಪ್ರತ್ಯೇಕವಾಗಿ 50 ವರ್ಷಗಳ ಹಕ್ಕಿದೆ. ಒಂದೇ ಹಾಡಿನಲ್ಲಿ ಇಷ್ಟು ಪದರಗಳಿರುವಾಗ ‘ಇದು ಹಳೆಯ ಹಾಡು, ಎಲ್ಲರದು’ ಎಂದರೆ ಸಾಲದು. ಯಾವ ಪದರ ಯಾರದೆಂದು ನೋಡಿ ಬರೆದಿಡುವ ಕೈ ಬೇಕು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವನ್ನು ಎದುರಿಸಬೇಕು. ಕಲಾವಿದರ ಬದುಕೇ ದುಸ್ತರವಾಗಿರುವಾಗ ಅವರ ಹಾಡನ್ನು ಉಚಿತವಾಗಿ ಹಂಚಿರೆಂದು ಪಿಂಚಣಿ ಪಡೆಯುವವರು ಉಪದೇಶಿಸುವುದು ಸರಿಯೇ? ಸರಿಯಲ್ಲ. 2012ರ ತಿದ್ದುಪಡಿಯು ಚಲನಚಿತ್ರ ಮತ್ತು ಧ್ವನಿಮುದ್ರಣಗಳಲ್ಲಿ ಬಳಕೆಯಾದ ಗೀತೆಯ ಸಾಹಿತಿ ಹಾಗೂ ಸಂಯೋಜಕರಿಗೆ ರಾಯಲ್ಟಿಯಲ್ಲಿ ಸಮಪಾಲನ್ನು ಖಾತರಿಪಡಿಸಿದ್ದು ದೀರ್ಘಕಾಲದ ಅನ್ಯಾಯವನ್ನು ಸರಿಪಡಿಸಲೆಂದೇ. ಮುಕ್ತ ಪರವಾನಗಿ ಆ ಗಳಿಕೆಗೆ ಪರ್ಯಾಯವಲ್ಲ. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು ಎಂಬುದೂ ಕಲಾವಿದರಿಗೆ ಮೊದಲೇ ಗೊತ್ತಿರಬೇಕು. ಅದರಲ್ಲೂ ನೀಲಗಾರರ, ತತ್ವಪದಕಾರರ, ಸೋಬಾನೆ ಹಾಡುವ ಹೆಂಗಸರ ಧ್ವನಿಯನ್ನು ಸೆರೆಹಿಡಿದು ಅವರ ಹೆಸರನ್ನೂ ಹಾಕದೆ ‘ಜನಪದ’ ಎಂದು ಹಂಚುವುದು ಔದಾರ್ಯವಲ್ಲ, ಇನ್ನೊಬ್ಬರ ಸೊತ್ತಿನಲ್ಲಿ ದಾನ ಮಾಡುವುದು. ವಾಣಿಜ್ಯೇತರ ಷರತ್ತು ಇಂಥ ಕಡೆ ಅತ್ಯಗತ್ಯ: ಶಾಲೆಯ ಮಗು ಕೇಳಲಿ, ಸಂಶೋಧಕಿ ಅಧ್ಯಯನ ಮಾಡಲಿ, ಲಾಭಕ್ಕೆ ಬಳಸುವವರು ಹಾಡಿದವರ ಮನೆಬಾಗಿಲಿಗೆ ಬಂದು ಕೇಳಿ, ಕೊಟ್ಟು ಪಡೆಯಲಿ.

ಈ ದಾರಿ ಕನ್ನಡಕ್ಕೆ ಅಪರಿಚಿತವೇನೂ ಅಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅದೇ ವರ್ಷ ನಿರಂಜನರ ಕೃತಿಗಳೂ ಹಾಗೆಯೇ ಲಭ್ಯವಾದವು. ಅಕ್ಷರಕ್ಕೆ ಸಾಧ್ಯವಾದದ್ದು ಧ್ವನಿಗೂ ಸಾಧ್ಯ. ಅದಕ್ಕೆ ದೊಡ್ಡ ಯೋಜನೆಯ ಅಗತ್ಯವಿಲ್ಲ. ಸಾರ್ವಜನಿಕ ಹಣದಿಂದ ಹೊಸದಾಗಿ ನಡೆಯುವ ಪ್ರತಿ ಧ್ವನಿಮುದ್ರಣದ ಒಪ್ಪಂದದಲ್ಲಿ, ಹಾಡುವವರಿಗೆ ಅವರ ಭಾಷೆಯಲ್ಲೇ ವಿವರಿಸಿ, ಒಪ್ಪಿದರೆ ಮಾತ್ರ, ಪರವಾನಗಿಯನ್ನು ನಮೂದಿಸಬೇಕು. ಹಾಡಿದವರ ಹೆಸರು, ಊರು, ದಿನಾಂಕ ಇಲ್ಲದ ಮುದ್ರಣವನ್ನು ಅಪೂರ್ಣವೆಂದೇ ಪರಿಗಣಿಸಬೇಕು. ಪ್ರತಿಗಳು ಕನಿಷ್ಠ ಎರಡು ಸಂಸ್ಥೆಗಳಲ್ಲಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹವ್ಯಾಸಿಗಳು ಕಟ್ಟಿದ ಸಂಗ್ರಹಗಳನ್ನೂ ಸೇರಿಸಿ ನೋಡಿಕೊಳ್ಳಲು ಒಂದು ವಿಶ್ವವಿದ್ಯಾನಿಲಯವೋ ಗ್ರಂಥಾಲಯವೋ ಸಂಬಳದ ಹುದ್ದೆಯೊಂದನ್ನು ಸೃಷ್ಟಿಸಬೇಕು.

ಆಯವ್ಯಯ ಪತ್ರಗಳನ್ನು ತಯಾರಿಸಿ ಬಲ್ಲ ನನಗೆ ಒಂದು ವಿಷಯ ಗೊತ್ತು. ಕಟ್ಟಡಕ್ಕೆ, ಯಂತ್ರಕ್ಕೆ, ಉದ್ಘಾಟನೆಗೆ ಅನುದಾನ ದೊರಕುವುದು ಸುಲಭ. ನಿರ್ವಹಣೆ ಎಂಬ ಲೆಕ್ಕಶೀರ್ಷಿಕೆಯಡಿ ವರ್ಷವರ್ಷವೂ ಸಣ್ಣ ಮೊತ್ತ ದೊರಕುವುದು ಕಷ್ಟ. ಆದರೆ ಹಂಚಿಕೊಂಡ ಹಾಡು ಮುಂದಿನ ತಲೆಮಾರಿಗೆ ತಲುಪುವುದು ಆ ಸಣ್ಣ ಮೊತ್ತದಿಂದಲೇ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ, ತೂಬು ಕಾದವನ ಹೆಸರು ಎಲ್ಲೂ ಇರುವುದಿಲ್ಲ. ಆದರೂ ಗದ್ದೆಗೆ ನೀರು ಹಾಯ್ದದ್ದು ಅವನ ಕೈಯಿಂದ.